ಟ್ರಂಕಲ್ಲಿರೋ ಹಳೇ ಫೋಟೋ, ಕಾರ್ಡು ಉಳಿಸ್ಕೊಳ್ಳೋದು ಹೇಗೆ (ನಮ್ ಕರಾವಳಿ ಮನೆಗಳಿಗೆ)

ಮೊದಲ್ನೇದಾಗಿ, ಮಳೆಗಾಲದಲ್ಲಿ ಟ್ರಂಕ್ ತೆಗೀಬೇಡಿ. ನಮ್ ಗಂಗೊಳ್ಳಿ (ಉಡುಪಿ ಜಿಲ್ಲೆ) ಕಡೆ ಜೂನ್ ಬಂದ್ರೆ ಚಪ್ಪಲಿಗೂ ಬೂಷ್ಟು ಹಿಡಿಯತ್ತೆ, ಇನ್ನು ಫೋಟೋ ಬಿಡತ್ತಾ. ಜನವರಿ, ಫೆಬ್ರವರೀಲಿ ಹವೆ ಒಣಗಿರೋವಾಗ ಜಗಲೀಲಿ ಹರಡ್ಕೊಂಡು ಕೂತ್ಕೊಳ್ಳಿ. ಬೂಷ್ಟು ಬಂದಿದ್ರೆ ನೆರಳಲ್ಲಿ ಗಾಳಿಗಿಟ್ಟು, ಪೂರ್ತಿ ಒಣಗಿದ್ಮೇಲೆ ಮೆತ್ತನೆ ಬ್ರಷ್ಷಲ್ಲಿ ಸರಿಸಿ, ಮೂಗಿಗೆ ಮಾಸ್ಕ್ ಇರ್ಲಿ. ಒದ್ದೆ ಬಟ್ಟೇಲಿ ಒರೆಸಿದ್ರೆ ಚಿತ್ರಾನೇ ಬಟ್ಟೆಗೆ ಬಂದ್ಬಿಡತ್ತೆ (ಹೇಗೆ ಗೊತ್ತು ಅಂತ ಕೇಳ್ಬೇಡಿ). ಫ್ರೇಮಿನ ಗಾಜಿಗೆ ಅಂಟ್ಕೊಂಡಿರೋದನ್ನ ಕೀಳೋಕೂ ಹೋಗ್ಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ ಸಾಕು.

ಎಲ್ರೂ ಮಾಡೋ ತಪ್ಪು ಅಂದ್ರೆ ಮುಖ ಮಾತ್ರ ಸ್ಕ್ಯಾನ್ ಮಾಡಿ ಬೆನ್ನು ಬಿಟ್ಬಿಡೋದು. ಇಸವಿ ಸಿಗೋದೇ ಹಿಂಬದೀಲಿ ಮಾರಾಯ್ರೆ. ಫೋಟೋ ಆದ್ರೆ ಸ್ಟುಡಿಯೋ ಸೀಲು, ಯಾರೋ ಗೀಚಿರೋ ಹೆಸ್ರು. ಬೊಂಬಾಯಿ ಹೋಟೆಲ್ ಕೆಲ್ಸಕ್ಕೆ ಹೋದವ್ರು ಬರೆದ ಕಾರ್ಡಾದ್ರೆ ಅಂಚೆ ಮುದ್ರೆ, ಅದು ಅಳಿಸಿ ಹೋಗಿದ್ರೂ ಚಿಂತೆ ಇಲ್ಲ. ಬೆಲೆ ಆಣೇಲಿ ಅಚ್ಚಾಗಿದ್ರೆ ಅದು 1957ಕ್ಕೆ ಮುಂಚೆ ಅಚ್ಚಾದ ಕಾರ್ಡು, ನಯೇ ಪೈಸೆ ಅಂತಿದ್ರೆ ಅದಾದ್ಮೇಲಿಂದು. ವಿಳಾಸದಲ್ಲಿ ಮದ್ರಾಸ್ ಅಂತ ಇದ್ರೆ ನಮ್ ಜಿಲ್ಲೆ (ಆಗ ದಕ್ಷಿಣ ಕನ್ನಡ) ಆ ರಾಜ್ಯದಲ್ಲಿದ್ದ ಕಾಲ, ಅಂದ್ರೆ 1956ರ ನವೆಂಬರ್‌ಗೆ ಮುಂಚೆ. ಕಾರವಾರ ಕಡೆಯವ್ರಾದ್ರೆ ಅಲ್ಲಿ ಬೊಂಬಾಯಿ ರಾಜ್ಯ ಅಂತಿರತ್ತೆ. ಪಿನ್‌ಕೋಡ್ ಇದ್ರೆ 1972ರ ಆಗಸ್ಟ್ ಆದ್ಮೇಲೆ. ಉಡುಪಿ ಜಿಲ್ಲೆ ಅಂತ ಇದ್ರೆ 1997ರಿಂದ ಈಚೆಗೆ. ಆದ್ರೆ ಒಂದೇ ಸುಳಿವು ನಂಬ್ಕೊಂಡು ಕೂರ್ಬೇಡಿ, ಜಿಲ್ಲೆ ಬೇರೆ ಆದ್ಮೇಲೂ ಹಳೇ ವಿಳಾಸಾನೇ ಬರೀತಿದ್ದ ಹಿರಿಯರು ನಮ್ಮನೇಲೇ ಇದ್ರು.

ಆಮೇಲೆ ಮನೆಯ ಹಿರಿಯರ ಹತ್ರ ಕೂತ್ಕೊಳ್ಳಿ, ಫೋನಲ್ಲಿ ರೆಕಾರ್ಡ್ ಆನ್ ಇರ್ಲಿ. ನಮ್ ಹತ್ರ ರಂಪಣಿ ಬಲೆ (ತುಂಬಾ ಜನ ಸೇರಿ ದಡದಿಂದ ಎಳಿಯೋ ದೊಡ್ಡ ಮೀನು ಬಲೆ) ಎಳಿಯೋ ಒಂದು ಫೋಟೋ ಇದೆ, ನೆಗೆಟಿವ್‌ನಿಂದ ಸ್ಕ್ಯಾನ್ ಮಾಡ್ಸಿದ್ದು, ಸಾಲಾಗಿ ನಿಂತವ್ರ ಬೆನ್ನು, ತಲೆ ಮೇಲೆ ಮುಟ್ಟಾಳೆ (ಅಡಿಕೆ ಹಾಳೆಯ ಟೋಪಿ), ಒಂದು ಮುಖಾನೂ ಕಾಣಲ್ಲ. ಅಮ್ಮಮ್ಮ ನೋಡಿ "ಇದು ಉಲ್ಟಾ ಇತ್ತಲ್ಲ, ಅಳಿವೆ ಎಡಕ್ಕೆ ಬರ್ಕ್" (ಬರ್ಬೇಕು) ಅಂದ್ರು. ಹೌದು, ಗಂಗೊಳ್ಳೀಲಿ ಸಮುದ್ರಕ್ಕೆ ಮುಖ ಮಾಡಿ ನಿಂತ್ರೆ ಅಳಿವೆ, ಅಂದ್ರೆ ಹೊಳೆ ಸಮುದ್ರ ಸೇರೋ ಜಾಗ, ಎಡಗಡೆ, ಅಂಗಡಿಯವ್ರು ನೆಗೆಟಿವ್ ತಿರುಗಿಸಿ ಇಟ್ಟಿದ್ರು. ತಿರುಗಿಸಿ ತೋರಿಸಿದ್ಮೇಲೆ ನಿಂತಿರೋ ಭಂಗಿ ನೋಡೇ ಮೂರು ಜನರ ಹೆಸ್ರು ಹೇಳಿದ್ರು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು (ಮೀನಿನ ಗುಂಪನ್ನ ಬಲೆಯಿಂದ ಸುತ್ತುವರಿಯೋ ಯಂತ್ರದ ಬೋಟುಗಳು) ಬಂದ್ಮೇಲೆ ರಂಪಣಿ ಕಮ್ಮಿ ಆಗ್ತಾ ಬಂತು, ಅಷ್ಟು ಜನ ಒಟ್ಟಿಗೆ ಹಗ್ಗ ಹಿಡ್ದ ಚಿತ್ರ ನಿಮ್ಮನೇಲಿದ್ರೆ ಅದನ್ನೇ ಮೊದ್ಲು ಸ್ಕ್ಯಾನ್ ಮಾಡಿ.

ಸ್ಕ್ಯಾನು 600 ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಲೆಕ್ಕ), ಪಾಸ್‌ಪೋರ್ಟ್ ಸೈಜಿಗೆ 1200. ಗುಣಮಟ್ಟ ಕಮ್ಮಿ ಆಗ್ದಿರೋ ಟಿಫ್ ಫೈಲ್ ಇಟ್ಕೊಳ್ಳಿ, ಜೆಪೆಗ್ ಹಂಚೋಕೆ. ವಾಟ್ಸಾಪಲ್ಲಿ ಕಳ್ಸೋದಾದ್ರೆ ಡಾಕ್ಯುಮೆಂಟ್ ಮಾಡಿ ಕಳ್ಸಿ, ಇಲ್ಲಾಂದ್ರೆ ಕುಗ್ಗಿ ಹೋಗತ್ತೆ. ಹೆಸ್ರನ್ನ ಫೋಟೋದ ಹಿಂದೆ ಅಂಚಲ್ಲಿ ಮೆತ್ತಗೆ ಪೆನ್ಸಿಲಲ್ಲಿ ಬರೀರಿ, ಬಾಲ್‌ಪೆನ್ ಒತ್ತಿ ಬರೆದ್ರೆ ಮುಂದೆ ಗೆರೆ ಮೂಡತ್ತೆ. ಲ್ಯಾಮಿನೇಶನ್ ಬೇಡ, ಸೆಲ್ಲೋಟೇಪ್ ಬೇಡ, ಹಾಳೆಗೆ ಅಂಟು ಇರೋ ಆಲ್ಬಮ್ ಅಂತೂ ಬೇಡ್ವೇ ಬೇಡ. ಆಸಿಡ್ ಇಲ್ಲದ ಕಾಗದದ ಕವರಲ್ಲಿ ಹಾಕಿ, ಸಿಲಿಕಾ ಜೆಲ್ ಜೊತೆ ಬಿಗಿ ಮುಚ್ಚಳದ ಡಬ್ಬೀಲಿಟ್ಟು ಒಳಕೋಣೇಲಿಡಿ. ಅಟ್ಟ ಬೇಡ, ಮಳೆ ಹೊಡಿಯೋ ಗೋಡೆ ಪಕ್ಕಾನೂ ಬೇಡ.

ಮನೇಲಿ ಏನೂ ಸಿಗ್ಲಿಲ್ವಾ, ಬಾಸೆಲ್ ಮಿಷನ್ ಆರ್ಕೈವ್ಸ್ ಅಂತ ಆನ್‌ಲೈನಲ್ಲಿ ಹುಡುಕಿ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನ್ನು ಅದು, ನಮ್ ಕರಾವಳಿಯ ಹಳೇ ಫೋಟೋಗಳು ಅಲ್ಲಿವೆ.

ಕಾರ್ಡುಗಳನ್ನ ಫೇಸ್‌ಬುಕ್‌ಗೆ ಹಾಕೋ ಮುಂಚೆ ಒಂದ್ಸಲ ಪೂರ್ತಿ ಓದಿ. ಸಾಲ, ಜಗಳ, ಯಾರ್ದೋ ಮದ್ವೆ ಮುರಿದ ಕತೆ ಎಲ್ಲ ಅದ್ರಲ್ಲೇ ಇರತ್ತೆ, ಅವ್ರ ಮಕ್ಳು ಇನ್ನೂ ನಮ್ ಪಕ್ಕದ್ಮನೇಲೇ ಇದ್ದಾರೆ. ಅಂಥದ್ದನ್ನ ಅವ್ರನ್ನ ಕೇಳ್ದೆ ಹಾಕ್ಬೇಡಿ, ಬದ್ಲಿಗೆ ಒಂದು ಪ್ರಿಂಟ್ ಹಾಕಿಸ್ಕೊಂಡು ಹೋಗಿ ಕೊಡಿ, ಚಾ ಕುಡಿಯೋಷ್ಟ್ರಲ್ಲಿ ಅವ್ರ ಟ್ರಂಕೂ ಹೊರಗೆ ಬರತ್ತೆ.