ರೆಂಡರಿಂಗ್‌ಗೊಂದು ಪುಟ್ಟ ಪಿಸಿ: ಕಾರ್ಡ್‌ನಿಂದ ಶುರುಮಾಡಿ, ಬಿಸಿಯ ಲೆಕ್ಕ ಇಟ್ಟು ಕಟ್ಟಿ

ಮನೆಯ ಒಂದು ಕೋಣೆಯನ್ನೇ ಆಫೀಸು ಮಾಡಿಕೊಂಡ ಇಂಟೀರಿಯರ್ ಡಿಸೈನರ್‌ಗಳಿಗೆ, ಪಿಜಿಯಲ್ಲಿರುವ ಆರ್ಕಿಟೆಕ್ಚರ್ ವಿದ್ಯಾರ್ಥಿಗಳಿಗೆ ಮೇಜಿನ ಜಾಗವೇ ದೊಡ್ಡ ತಲೆನೋವು. ಟವರ್ ಕ್ಯಾಬಿನೆಟ್ ಇಟ್ಟರೆ ಡ್ರಾಯಿಂಗ್ ಶೀಟ್ ಹರಡಲು ಆಗುವುದಿಲ್ಲ. ಲ್ಯಾಪ್‌ಟಾಪ್ ಆದರೆ ರೆಂಡರ್‌ಗೆ (ಮಾಡೆಲ್‌ನಿಂದ ನಿಜದಂಥ ಚಿತ್ರ ತೆಗೆಯುವ ಕೆಲಸ) ಹಾಕಿದ ಸ್ವಲ್ಪ ಹೊತ್ತಿಗೇ ಕಾದು ವೇಗ ಇಳಿಸಿಕೊಳ್ಳುತ್ತದೆ. ಇವರಿಗೆ ಮಿನಿ-ಐಟಿಎಕ್ಸ್ ಪಿಸಿ ಹೇಳಿ ಮಾಡಿಸಿದಂತಿದೆ. ಮಿನಿ-ಐಟಿಎಕ್ಸ್ ಎಂದರೆ 17 ಸೆಂ.ಮೀ. ಉದ್ದ, 17 ಸೆಂ.ಮೀ. ಅಗಲದ ಮದರ್‌ಬೋರ್ಡ್, ಅಂದರೆ ಎಲ್ಲ ಭಾಗಗಳನ್ನೂ ಜೋಡಿಸುವ ಹಲಗೆ. ತೈವಾನಿನ ವಿಯಾ ಕಂಪನಿ 2001ರಲ್ಲಿ ತಂದ ಅಳತೆ. ಆಗ ಕಡಿಮೆ ಕರೆಂಟಿನ ಚಿಕ್ಕಪುಟ್ಟ ಯಂತ್ರಗಳಿಗೆಂದು ಬಂದಿತ್ತು. ಇವತ್ತು ಅದೇ ಅಳತೆಯ ಬೋರ್ಡ್ ಮೇಲೆ 12, 16 ಕೋರ್‌ಗಳ (ಒಟ್ಟೊಟ್ಟಿಗೆ ಲೆಕ್ಕ ಮಾಡುವ ಘಟಕಗಳು) ಪ್ರೊಸೆಸರ್ ಕೂರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗೇಮಿಂಗ್ ಪಿಸಿಯ ಪಟ್ಟಿ ನೋಡಿಕೊಂಡು ಇದನ್ನು ಕಟ್ಟಬೇಡಿ. ಗೇಮ್‌ನಲ್ಲಿ ಲೋಡ್ ಏರುತ್ತದೆ, ಇಳಿಯುತ್ತದೆ. ರೆಂಡರಿಂಗ್‌ನಲ್ಲಿ ಯಂತ್ರ ಗಂಟೆಗಟ್ಟಲೆ ಪೂರ್ತಿ ಶಕ್ತಿಯಲ್ಲಿ ದುಡಿಯುತ್ತದೆ. ಪುಟ್ಟ ಕ್ಯಾಬಿನೆಟ್‌ನಲ್ಲಿ ನಿಮ್ಮ ನಿಜವಾದ ಬಜೆಟ್ ರೂಪಾಯಿಯಷ್ಟೇ ಅಲ್ಲ, ವ್ಯಾಟ್ ಕೂಡ.

ಯಾವ ಸಾಫ್ಟ್‌ವೇರ್, ಆ ಕಾರ್ಡ್

ಅಂಗಡಿಗೆ ಹೋಗುವ ಮೊದಲು ನೀವು ದಿನಾ ಬಳಸುವ ಸಾಫ್ಟ್‌ವೇರ್ ಯಾವುದು ಎಂದು ಬರೆದುಕೊಳ್ಳಿ. ಕೊರೋನಾ ರೆಂಡರ್ ಪ್ರೊಸೆಸರ್ ಮೇಲೆ ಓಡುತ್ತದೆ, ಅದಕ್ಕೆ ಕೋರ್ ಜಾಸ್ತಿ ಇದ್ದಷ್ಟೂ ಒಳ್ಳೆಯದು. ಎನ್‌ಸ್ಕೇಪ್, ಲುಮಿಯಾನ್, ಟ್ವಿನ್‌ಮೋಷನ್, ಡಿ5 ಇವೆಲ್ಲ ಗ್ರಾಫಿಕ್ಸ್ ಕಾರ್ಡ್ ಕೇಳುತ್ತವೆ. ವಿ-ರೇ ಮತ್ತು ಬ್ಲೆಂಡರ್‌ನ ಸೈಕಲ್ಸ್ ಎರಡರಲ್ಲೂ ಓಡುತ್ತವೆ, ಆದರೆ ಕಾರ್ಡ್‌ನಲ್ಲೇ ಬೇಗ ಮುಗಿಯುತ್ತದೆ. ಸ್ಕೆಚ್‌ಅಪ್, ಆಟೊಕ್ಯಾಡ್‌ನಲ್ಲಿ ಮಾಡೆಲ್ ತಿರುಗಿಸುವಾಗ ಬೇಕಾಗುವುದು ಒಂದೇ ಕೋರ್‌ನ ವೇಗ. ಅಲ್ಲಿ 16 ಕೋರ್ ಇದ್ದರೂ ಹೆಚ್ಚಿನವು ಸುಮ್ನೆ ಕೂತಿರುತ್ತವೆ.

ಕಾರ್ಡ್ ಆರಿಸುವಾಗ ಎಲ್ಲರೂ ವೇಗ ನೋಡುತ್ತಾರೆ. ನನ್ನ ಸಲಹೆ, ಮೊದಲು ಕಾರ್ಡ್‌ನ ಮೆಮೊರಿ ನೋಡಿ. ಒಂದು ಲೆಕ್ಕ ಹಾಕೋಣ. ತೇಗದ ಮೇಲ್ಮೈಗೆ ನೀವು ಅಂಟಿಸುವ ಚಿತ್ರ, ಅಂದರೆ 4ಕೆ ಟೆಕ್ಸ್ಚರ್, 4096 × 4096 ಪಿಕ್ಸೆಲ್‌ನದು. ಡಿಸ್ಕ್‌ನಲ್ಲಿ ಅದು ಕೆಲವೇ ಎಂಬಿಯ ಜೆಪೆಗ್ ಫೈಲ್. ಕಾರ್ಡ್‌ನ ಒಳಗೆ ಹೋದಾಗ ಬಿಚ್ಚಿಕೊಳ್ಳುತ್ತದೆ: ಪಿಕ್ಸೆಲ್‌ಗೆ 4 ಬೈಟ್‌ನಂತೆ 64 ಎಂಬಿ. ಒಂದು ಮೆಟೀರಿಯಲ್‌ಗೆ ಇಂಥ ಮೂರು ಚಿತ್ರ ಎಂದರೂ 192 ಎಂಬಿ. ಸೋಫಾ, ಪರದೆ, ನೆಲ, ಗೋಡೆ, ಮರ ಎಲ್ಲ ಸೇರಿ 30 ಮೆಟೀರಿಯಲ್ ಇರುವ ಒಂದು ಹಾಲ್‌ಗೆ 5.6 ಜಿಬಿ ಟೆಕ್ಸ್ಚರ್‌ಗೇ ಹೋಯಿತು. ಇದರ ಮೇಲೆ ಮಾಡೆಲ್, ಗಿಡಗಳ ಎಲೆ, ವಿಂಡೋಸ್‌ನ ಪಾಲು ಬೇರೆ. 8 ಜಿಬಿ ಕಾರ್ಡ್ ಅಲ್ಲಿಗೇ ತುಂಬಿತು, ಅಲ್ವಾ? ತುಂಬಿದ ಮೇಲೆ ಒಂದೋ ಮೆಮೊರಿ ಸಾಲದೆಂದು ರೆಂಡರ್ ನಿಂತುಹೋಗುತ್ತದೆ, ಇಲ್ಲವೇ ಆಮೆ ವೇಗಕ್ಕಿಳಿಯುತ್ತದೆ.

ಅದಕ್ಕೇ 16 ಜಿಬಿ ಕಾರ್ಡ್ ತೆಗೆದುಕೊಳ್ಳಿ ಎನ್ನುವುದು. ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಟಿಐ ಈ ಕೆಲಸಕ್ಕೆ ಚೆನ್ನಾಗಿ ಹೊಂದುತ್ತದೆ. ಅದು ಎಳೆಯುವ ಕರೆಂಟ್ 180 ವ್ಯಾಟ್ ಅಷ್ಟೇ. ಎಚ್ಚರಿಕೆ ಬೇಕಾದ ಜಾಗವೂ ಇದೇ. ಇದೇ ಹೆಸರಿನಲ್ಲಿ 8 ಜಿಬಿ ಕಾರ್ಡ್ ಕೂಡ ಮಾರಾಟಕ್ಕಿದೆ. ಡಬ್ಬದ ಮೇಲೂ ಬಿಲ್ಲಿನ ಮೇಲೂ 16 ಜಿಬಿ ಎಂದು ಬರೆದಿದೆಯಾ ನೋಡಿಯೇ ದುಡ್ಡು ಕೊಡಿ.

ವ್ಯಾಟ್ ಕೂಡಿಸಿ

ಪ್ರೊಸೆಸರ್‌ಗೆ ಎಎಂಡಿಯ ರೈಜನ್ 9 7900 ನನಗೆ ಇಷ್ಟವಾದ ಆಯ್ಕೆ. 12 ಕೋರ್. 65 ವ್ಯಾಟ್ ಎಂದು ಬರೆದಿದ್ದರೂ ಪೂರ್ತಿ ಲೋಡ್‌ನಲ್ಲಿ 88 ವ್ಯಾಟ್ ತನಕ ಹೋಗುತ್ತದೆ. ಅದರ ಅಣ್ಣ 7950ಎಕ್ಸ್‌ನಲ್ಲಿ 16 ಕೋರ್ ಇವೆ ನಿಜ, ಆದರೆ 230 ವ್ಯಾಟ್ ತನಕ ಎಳೆಯುತ್ತದೆ. ನಾಲ್ಕು ಕೋರ್‌ಗಾಗಿ ಅಷ್ಟು ಬಿಸಿಯನ್ನು ಪುಟ್ಟ ಕ್ಯಾಬಿನೆಟ್‌ಗೆ ತುಂಬುವುದು ಬೇಡ.

ಈಗ ಕೂಡಿಸಿ. ಪ್ರೊಸೆಸರ್ 88, ಕಾರ್ಡ್ 180, ಉಳಿದದ್ದೆಲ್ಲ ಸೇರಿ ಸುಮಾರು 50. ಒಟ್ಟು 320 ವ್ಯಾಟ್ ಆಸುಪಾಸು. 650 ವ್ಯಾಟ್‌ನ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬ) ಧಾರಾಳವಾಗಿ ಸಾಕು. ಅರ್ಧ ಲೋಡ್‌ನಲ್ಲಿ ಓಡುವುದರಿಂದ ಅದರ ಫ್ಯಾನ್ ಕೂಡ ಗಲಾಟೆ ಮಾಡುವುದಿಲ್ಲ. ಆದರೆ ಅದು ಎಸ್‌ಎಫ್‌ಎಕ್ಸ್ ಅಳತೆಯದ್ದಾಗಿರಬೇಕು: 12.5 ಸೆಂ.ಮೀ. ಅಗಲ, 10 ಸೆಂ.ಮೀ. ಉದ್ದ. ಮಾಮೂಲಿ ಎಟಿಎಕ್ಸ್ ಎಸ್‌ಎಂಪಿಎಸ್ ಬಹಳಷ್ಟು ಪುಟ್ಟ ಕ್ಯಾಬಿನೆಟ್‌ಗಳಲ್ಲಿ ಕೂರುವುದೇ ಇಲ್ಲ.

ಮಿನಿ-ಐಟಿಎಕ್ಸ್ ಬೋರ್ಡ್‌ನಲ್ಲಿ ರ್‍ಯಾಮ್ ಸ್ಲಾಟ್ ಎರಡೇ. ಹಾಗಾಗಿ 16 ಜಿಬಿಯ ಎರಡು ತಂದು ಆಮೇಲೆ ಎರಡು ಸೇರಿಸೋಣ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. 32 ಜಿಬಿಯ ಎರಡು ಡಿಡಿಆರ್5 ಸ್ಟಿಕ್ ಒಟ್ಟಿಗೇ ತನ್ನಿ. 2 ಟಿಬಿಯ ಒಂದು ಎನ್‌ವಿಎಂಇ ಎಸ್‌ಎಸ್‌ಡಿ ಸೇರಿಸಿದರೆ ಪಟ್ಟಿ ಮುಗಿಯಿತು.

ಕ್ಯಾಬಿನೆಟ್

ಪುಟ್ಟ ಕ್ಯಾಬಿನೆಟ್‌ಗಳ ಗಾತ್ರವನ್ನು ಲೀಟರ್‌ನಲ್ಲಿ ಹೇಳುತ್ತಾರೆ. 10 ಲೀಟರ್‌ನವು ನೋಡಲು ತುಂಬಾ ಚೆಂದ. ಆದರೆ ಅಲ್ಲಿ ಗಿಡ್ಡ ಕೂಲರ್ ಮಾತ್ರ ಹಿಡಿಸುತ್ತದೆ. ರೆಂಡರಿಂಗ್‌ಗೆ 18 ಲೀಟರ್ ಆಸುಪಾಸಿನದು ಸರಿ. ಕೂಲರ್ ಮಾಸ್ಟರ್‌ನ ಎನ್‌ಆರ್200 ಇಂಥದ್ದು. ಸುಮಾರು 150 ಮಿ.ಮೀ. ಎತ್ತರದ ಕೂಲರ್, 330 ಮಿ.ಮೀ. ಉದ್ದದ ಕಾರ್ಡ್ ಇದರಲ್ಲಿ ಹಿಡಿಯುತ್ತವೆ. ಯಾವ ಕ್ಯಾಬಿನೆಟ್ ಆದರೂ ಮೂರು ಅಳತೆ ಚೀಟಿಯಲ್ಲಿ ಬರೆದುಕೊಳ್ಳಿ: ಕಾರ್ಡ್‌ನ ಉದ್ದ, ಕಾರ್ಡ್‌ನ ದಪ್ಪ, ಕೂಲರ್‌ನ ಎತ್ತರ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೊಳ್ಳುವವರು ಮಿನಿ-ಐಟಿಎಕ್ಸ್ ಬೋರ್ಡ್ ಮತ್ತು ಎಸ್‌ಎಫ್‌ಎಕ್ಸ್ ಎಸ್‌ಎಂಪಿಎಸ್ ಇದೆಯಾ ಎಂದು ಫೋನ್ ಮಾಡಿ ಕೇಳಿಕೊಂಡೇ ಹೋಗಿ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಇರಲಿ.

ಜೋಡಿಸುವ ಕ್ರಮ

ದೊಡ್ಡ ಟವರ್‌ನಲ್ಲಿ ಯಾವುದನ್ನು ಮೊದಲು ಹಾಕಿದರೂ ನಡೆಯುತ್ತದೆ. ಇಲ್ಲಿ ಕ್ರಮ ತಪ್ಪಿದರೆ ಎಲ್ಲ ಬಿಚ್ಚಬೇಕು.

ಮೊದಲು ಬೋರ್ಡ್ ಅನ್ನು ಅದರ ರಟ್ಟಿನ ಡಬ್ಬದ ಮೇಲೆ ಇಡಿ. ಲೋಹದ ಏನನ್ನಾದರೂ ಮುಟ್ಟಿ ಮೈಯಲ್ಲಿರುವ ಸ್ಥಿರ ವಿದ್ಯುತ್ ಹೋಗಲಾಡಿಸಿಕೊಳ್ಳಿ. ಸಾಕೆಟ್‌ನ ಸರಳು ಎತ್ತಿ, ತ್ರಿಕೋನದ ಗುರುತು ಹೊಂದಿಸಿ ಪ್ರೊಸೆಸರ್ ಅನ್ನು ಹಗುರಾಗಿ ಇಡಿ. ಒತ್ತಬೇಡಿ. ಈ ಪ್ರೊಸೆಸರ್ ಕೂರುವ ಎಎಂ5 ಸಾಕೆಟ್‌ನ ಪಿನ್‌ಗಳು ಬೋರ್ಡ್‌ನಲ್ಲಿವೆ, ಕೂದಲಷ್ಟು ತೆಳು. ಒಂದು ಬಗ್ಗಿದರೆ ಬೋರ್ಡೇ ಹೋದಂತೆ. ಸರಳು ಕೆಳಗೆ ತಂದಾಗ ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನಾಗೇ ಕಳಚಿ ಬರುತ್ತದೆ. ಅದನ್ನು ಎಸೆಯಬೇಡಿ, ವಾರಂಟಿಗೆ ಕಳಿಸುವಾಗ ಬೇಕು.

ರ್‍ಯಾಮ್ ಎರಡೂ ಕಡೆ ಕ್ಲಿಕ್ ಎನ್ನುವ ತನಕ ಒತ್ತಿ. ಎಸ್‌ಎಸ್‌ಡಿ ಈಗಲೇ ಹಾಕಿ, ಏಕೆಂದರೆ ಅದರ ಎರಡನೇ ಸ್ಲಾಟ್ ಸಾಮಾನ್ಯವಾಗಿ ಬೋರ್ಡ್‌ನ ಹಿಂದೆ ಇರುತ್ತದೆ. ಪ್ರೊಸೆಸರ್ ಮೇಲೆ ಬಟಾಣಿ ಕಾಳಿನಷ್ಟು ಥರ್ಮಲ್ ಪೇಸ್ಟ್ (ಬಿಸಿಯನ್ನು ಕೂಲರ್‌ಗೆ ದಾಟಿಸುವ ಲೇಪ) ಇಟ್ಟು ಕೂಲರ್ ಕೂರಿಸಿ. ಸ್ಕ್ರೂಗಳನ್ನು ಸ್ವಲ್ಪ ಇದು, ಸ್ವಲ್ಪ ಅದು ಎಂದು ಸಮನಾಗಿ ಬಿಗಿ ಮಾಡಿ.

ಕ್ಯಾಬಿನೆಟ್‌ಗೆ ಹಾಕುವ ಮೊದಲೇ ಒಮ್ಮೆ ಆನ್ ಮಾಡಿ ನೋಡಿ. ರೈಜನ್ 7900ರಲ್ಲಿ ಚಿಕ್ಕದೊಂದು ಗ್ರಾಫಿಕ್ಸ್ ಒಳಗೇ ಇರುವುದರಿಂದ ಬೋರ್ಡ್‌ನ ಎಚ್‌ಡಿಎಂಐಗೆ ಮಾನಿಟರ್ ಸಿಕ್ಕಿಸಿದರೆ ಸಾಕು. ಎಸ್‌ಎಂಪಿಎಸ್‌ನ 24 ಪಿನ್ ಮತ್ತು 8 ಪಿನ್ ಕೇಬಲ್ ಬೋರ್ಡ್‌ಗೆ ಹಾಕಿ, ಪವರ್ ಬಟನ್‌ನ ಎರಡು ಪಿನ್‌ಗೆ ಸ್ಕ್ರೂಡ್ರೈವರ್ ತುದಿ ಒಂದು ಕ್ಷಣ ತಾಗಿಸಿ. ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪಾಗೇ ಇರುತ್ತದೆ. ಇಲ್ಲಿ ಗಾಬರಿಬಿದ್ದು ಆಫ್ ಮಾಡುವವರೇ ಜಾಸ್ತಿ. ಡಿಡಿಆರ್5 ರ್‍ಯಾಮ್ ಅನ್ನು ಬೋರ್ಡ್ ಮೊದಲ ಸಲ ಪರೀಕ್ಷಿಸಿ ಹೊಂದಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತದೆ. ಕಾಯಿರಿ. ಬಯೋಸ್ (ಬೋರ್ಡ್‌ನದೇ ಸೆಟ್ಟಿಂಗ್) ಪರದೆ ಬಂದರೆ ಅರ್ಧ ಕೆಲಸ ಆದಂತೆ.

ಆಮೇಲೆ ಕ್ಯಾಬಿನೆಟ್‌ಗೆ ಎಸ್‌ಎಂಪಿಎಸ್, ಬೋರ್ಡ್, ಕೇಬಲ್, ಕೊನೆಗೆ ಕಾರ್ಡ್. ಬೋರ್ಡ್‌ನ ಮೇಲಂಚಿನ 8 ಪಿನ್ ಕೇಬಲ್‌ಗೆ ಬೆರಳು ಹೋಗದಿದ್ದರೆ ಕೂಲರ್‌ನ ಫ್ಯಾನ್ ಬಿಚ್ಚಿಟ್ಟು ಕೇಬಲ್ ಸಿಕ್ಕಿಸಿ, ಆಮೇಲೆ ಫ್ಯಾನ್ ಮತ್ತೆ ಕೂರಿಸಿ. ಕಾರ್ಡ್‌ನ ಪವರ್ ಕೇಬಲ್ ಅನ್ನು ಪೂರ್ತಿ ಒಳಗೆ ಒತ್ತಿ, ಕನೆಕ್ಟರ್ ಹತ್ತಿರವೇ ಬಗ್ಗಿಸಬೇಡಿ. ಕೆಳಗಿನ ಫ್ಯಾನ್‌ಗಳು ಗಾಳಿ ಒಳಗೆ ಎಳೆಯಲಿ, ಮೇಲಿನವು ಹೊರಗೆ ಹಾಕಲಿ. ಮಾನಿಟರ್ ಕೇಬಲ್ ಈಗ ಕಾರ್ಡ್‌ಗೆ ಬರಬೇಕು, ಬೋರ್ಡ್‌ಗಲ್ಲ.

ಆನ್ ಆದ ಮೇಲೆ

ಬಯೋಸ್‌ನಲ್ಲಿ ಎಕ್ಸ್‌ಪೋ ಎಂಬ ರ್‍ಯಾಮ್ ಸೆಟ್ಟಿಂಗ್ ಆನ್ ಮಾಡಿ, ಇಲ್ಲದಿದ್ದರೆ ರ್‍ಯಾಮ್ ತನ್ನ ಪೂರ್ತಿ ವೇಗದಲ್ಲಿ ಓಡುವುದಿಲ್ಲ. ವಿಂಡೋಸ್, ಡ್ರೈವರ್ ಎಲ್ಲ ಆದ ಮೇಲೆ ನಿಮ್ಮದೇ ಒಂದು ಭಾರದ ಸೀನ್ ತೆರೆಯಿರಿ. ಒಂದೇ ಫ್ರೇಮ್ ಅನ್ನು ಮತ್ತೆ ಮತ್ತೆ ಒಂದು ಗಂಟೆ ರೆಂಡರ್ ಮಾಡಿ. ಮೊದಲ ಫ್ರೇಮ್‌ಗೂ ಕೊನೆಯ ಫ್ರೇಮ್‌ಗೂ ಹಿಡಿದ ಸಮಯ ಹೆಚ್ಚುಕಡಿಮೆ ಒಂದೇ ಇರಬೇಕು. ಕೊನೆಗೆ ಬರುತ್ತಾ ಸಮಯ ಜಾಸ್ತಿ ಆದರೆ ಒಳಗೆ ಬಿಸಿ ನಿಂತಿದೆ ಎಂದೇ ಅರ್ಥ. ಈ ಪ್ರೊಸೆಸರ್‌ನ ಮಿತಿ 95 ಡಿಗ್ರಿ. ಅದನ್ನು ಮುಟ್ಟಿದರೆ ತಾನೇ ವೇಗ ಇಳಿಸುತ್ತದೆ.

ಪರೀಕ್ಷೆಯನ್ನು ಮಧ್ಯಾಹ್ನವೇ ಮಾಡಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯಲ್ಲಿರುವವರಿಗಂತೂ ಇದು ಮುಖ್ಯ. ಕೋಣೆ 10 ಡಿಗ್ರಿ ಏರಿದರೆ ಯಂತ್ರದ ಒಳಗೂ ಹತ್ತಿರ ಹತ್ತಿರ ಅಷ್ಟೇ ಏರುತ್ತದೆ. ಆಗ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಕಾರ್ಡ್‌ನ ಪವರ್ ಲಿಮಿಟ್ ಸ್ವಲ್ಪ ಇಳಿಸಿ. ವ್ಯಾಟ್ ಇಳಿದಷ್ಟು ವೇಗ ಇಳಿಯುವುದಿಲ್ಲ.

ರಾತ್ರಿಯಿಡೀ ರೆಂಡರ್ ಹಾಕುವವರು ಯುಪಿಎಸ್ ಬಿಡಬೇಡಿ. 600 ವಿಎ ಎಂದು ಬರೆದ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ. ಮಾನಿಟರ್ ಸೇರಿದರೆ ಇದು ಅಂಚಿಗೆ ಬರುತ್ತದೆ. 1 ಕೆವಿಎದ್ದು ತನ್ನಿ. ಕರೆಂಟ್ ಹೋದಾಗ ಕೆಲಸ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಸಿಗುತ್ತದೆ. ಅನಿಮೇಷನ್ ಆದರೆ ವಿಡಿಯೊ ಬದಲು ಫ್ರೇಮ್‌ಗಳನ್ನು ಪಿಎನ್‌ಜಿ ಚಿತ್ರಗಳಾಗಿ ಸೇವ್ ಆಗುವಂತೆ ಇಡಿ. ನಡುವೆ ನಿಂತರೂ 212ನೇ ಫ್ರೇಮ್ ತನಕ ಆಗಿದ್ದರೆ 213ರಿಂದ ಮುಂದುವರಿಸಬಹುದು.