ಕಾರ್ತಿಕದಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ: ಒಂದು ಕೋನಮಾಪಕ, ಒಂದು ಮೀಟರ್ ದಾರ

ಸೇಂಟ್ ಮೇರೀಸ್ ದ್ವೀಪಕ್ಕೆ ಹೊರಡುವ ಮೊದಲು ಒಂದು ಬೆಳಗ್ಗೆ ಲಾಲ್‌ಬಾಗಿಗೆ ಹೋಗಿಬನ್ನಿ. ಕೆಂಪೇಗೌಡರ ಗೋಪುರ ನಿಂತಿರುವ ಬೋಳು ಬಂಡೆಯ ಮೇಲೆ ಹತ್ತು ನಿಮಿಷ ಕುಳಿತು ಅಂಗೈಯಿಂದ ಅದನ್ನು ಸವರಿ ನೋಡಿ. ಅದು ಸುಮಾರು 300 ಕೋಟಿ ವರ್ಷಗಳ ಹಿಂದಿನ ಕಲ್ಲು. ಉಡುಪಿ ಬಳಿಯ ಮಲ್ಪೆಯ ಆಚೆ, ಆ ದ್ವೀಪದಲ್ಲಿ ನೀವು ತುಳಿಯಲಿರುವ ಕಲ್ಲಿಗೆ ಸುಮಾರು 8.8 ಕೋಟಿ ವರ್ಷ. ಇದರ ಮುಂದೆ ಅದು ಕೂಸು. ಎರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು.

ಬನಶಂಕರಿಯ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಭೂಗೋಳ ಪಾಠ ಮಾಡಿದವಳು ನಾನು. ವಿದ್ಯಾರ್ಥಿಗಳೊಂದಿಗೆ, ಆಮೇಲೆ ತಮ್ಮನ ಮೊಮ್ಮಕ್ಕಳೊಂದಿಗೆ, ಒಟ್ಟು ಆರು ಸಲ ಆ ದ್ವೀಪಕ್ಕೆ ಹೋಗಿದ್ದೇನೆ. ದೋಣಿಯಿಂದ ಇಳಿದು, ತೆಂಗಿನ ಮರದ ಕೆಳಗೆ ಫೋಟೊ ತೆಗೆಸಿಕೊಂಡು, ಲಾವಾ ಆರಿ ಮೂಡಿದ ಕಲ್ಲಿನ ಕಂಬಗಳ ಮೇಲೆಯೇ ನಡೆದು ಅವನ್ನು ನೋಡದೆ ವಾಪಸಾಗುವವರನ್ನು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹೋಗಬೇಕಾದ ಕಾಲ ಶರದೃತು. ಮಳೆಗಾಲದಲ್ಲಿ ದೋಣಿಗಳು ದ್ವೀಪಕ್ಕೆ ಹೋಗುವುದಿಲ್ಲ. ಒಂದು ವರ್ಷ ಅವಸರ ಮಾಡಿ ಸೆಪ್ಟೆಂಬರ್ ಕೊನೆಯ ವಾರವೇ ಹೋಗಿದ್ದೆ. ಕಡಲು ಇನ್ನೂ ಕೆರಳಿತ್ತು. ಇಪ್ಪತ್ತೆರಡು ಮಕ್ಕಳನ್ನು ಕಟ್ಟಿಕೊಂಡು ದಿನವಿಡೀ ಮಲ್ಪೆಯ ಮರಳಿನ ಮೇಲೆ ನಿಂತು, ದೂರದಲ್ಲಿ ನೀರಿನ ಮೇಲೆ ಎದ್ದಿದ್ದ ತೆಂಗಿನ ಮರಗಳ ಸಾಲನ್ನಷ್ಟೇ ನೋಡಿ ಮರಳಿದೆವು. ಈಗ ವಿಜಯದಶಮಿ ಕಳೆಯುವವರೆಗೆ ಟಿಕೆಟ್ಟಿನ ಯೋಚನೆಯನ್ನೂ ಮಾಡುವುದಿಲ್ಲ. ದೀಪಾವಳಿಯ ನಂತರ, ಕಾರ್ತಿಕ ಹುಣ್ಣಿಮೆಯ ಆಸುಪಾಸು ನನಗೆ ಅತ್ಯಂತ ಪ್ರಿಯ. ಮಳೆಯ ಕೆಸರು ತಳಕ್ಕಿಳಿದು ನೀರು ತಿಳಿಯಾಗಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಹತ್ತಿರ ಇಳಿತವೂ ಹೆಚ್ಚಾದ್ದರಿಂದ ಉಳಿದ ದಿನಗಳಲ್ಲಿ ಮುಳುಗಿರುವ ಕಂಬಗಳ ಬುಡವೂ ಹೊರಬೀಳುತ್ತದೆ. ಮಲ್ಪೆಯ ಉಬ್ಬರವಿಳಿತದ ವೇಳೆಯನ್ನು ಮೊಬೈಲಿನಲ್ಲಿ ನೋಡಿ, ಇಳಿತದ ಕೊನೆಯ ಎರಡು ಗಂಟೆ ದ್ವೀಪದಲ್ಲಿರುವಂತೆ ದಿನ ಆರಿಸಿಕೊಳ್ಳಿ. ಆ ವೇಳೆ ದಿನಕ್ಕೆ ಹೆಚ್ಚುಕಡಿಮೆ ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತದೆ. ನಿನ್ನೆಯ ಲೆಕ್ಕ ಇಂದಿಗೆ ನಡೆಯದು. ಅಕ್ಟೋಬರ್, ನವೆಂಬರ್‌ಗಳಲ್ಲಿ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತವೂ ಸಾಮಾನ್ಯ. ಮೀನುಗಾರರು ಕಡಲಿಗೆ ಇಳಿಯಬಾರದೆಂದು ಹವಾಮಾನ ಇಲಾಖೆ ಹೇಳಿದ ದಿನ ನೀವೂ ಇಳಿಯಬೇಡಿ.

ಪ್ರಯಾಣ ಸುಲಭ. ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಗಿನ ಜಾವ ಉಡುಪಿಯ ಇಂದ್ರಾಳಿ ನಿಲ್ದಾಣ ಮುಟ್ಟಿಸುತ್ತದೆ. ಹಬ್ಬದ ದಿನಗಳಲ್ಲಿ 60 ದಿನ ಮುಂಚೆ, ಬುಕಿಂಗ್ ತೆರೆದ ಬೆಳಗ್ಗೆಯೇ ಟಿಕೆಟ್ ಮಾಡಿಸಿ. ಸಿಗದಿದ್ದರೆ ಶಿರಾಡಿ ಘಾಟಿಯ ರಾತ್ರಿ ಬಸ್ಸುಗಳಿವೆ. ಉಡುಪಿಯಿಂದ ಮಲ್ಪೆ ಐದಾರು ಕಿಲೋಮೀಟರ್.

ವಾರದ ನಡುವಿನ ದಿನ, ಬೆಳಗಿನ ದೋಣಿ ಹಿಡಿಯಿರಿ. ಸಾಕಷ್ಟು ಜನ ಸೇರುವವರೆಗೆ ಕಾಯಬೇಕಾಗಬಹುದು, ಕಾಯಿರಿ. ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಬಲವಾಗಿ ದೋಣಿ ಹೆಚ್ಚು ತೂಗಾಡುತ್ತದೆ. ಬೆಂಗಳೂರಿನ ತಂಪು ನಂಬಿಕೊಂಡು ದಪ್ಪ ಬಟ್ಟೆ ಹಾಕಿ ಬರಬೇಡಿ. ಮಳೆ ಹೋದ ಮೇಲಿನ ಕರಾವಳಿಯ ಸೆಕೆ ಬೆವರಿಳಿಸುತ್ತದೆ. ಟೋಪಿ, ಸ್ಟೀಲ್ ಬಾಟಲಿಯಲ್ಲಿ ನೀರು, ಹಿಂದೆ ಪಟ್ಟಿಯಿರುವ ರಬ್ಬರ್ ಚಪ್ಪಲಿ ಸಾಕು. ಇವುಗಳ ಜೊತೆಗೆ ಮಕ್ಕಳ ಕಂಪಾಸ್ ಪೆಟ್ಟಿಗೆಯಿಂದ ಕೋನಮಾಪಕ, ಹತ್ತು ಸೆಂಟಿಮೀಟರಿಗೊಂದು ಗಂಟು ಹಾಕಿದ ಒಂದು ಮೀಟರ್ ದಾರ.

ದ್ವೀಪ ಚಿಕ್ಕದು. ಉದ್ದ ಸುಮಾರು ಅರ್ಧ ಕಿಲೋಮೀಟರ್, ಅಗಲ ನೂರು ಮೀಟರ್. ಊರಿನವರ ಬಾಯಲ್ಲಿ ಇದು ತೋನ್ಸೆಪಾರ್. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಶಿಲುಬೆ ನೆಟ್ಟು ಮೇರಿಯ ಹೆಸರಿಟ್ಟನೆಂಬ ಕಥೆಯನ್ನು ದೋಣಿಯಲ್ಲೇ ಯಾರಾದರೂ ಹೇಳುತ್ತಾರೆ. ನಾನು ಹೇಳಬೇಕಾದದ್ದು ಅದಕ್ಕಿಂತ ಬಹಳ ಹಳೆಯದು.

ಒಂದು ಕಂಬವನ್ನು ಆರಿಸಿಕೊಂಡು ಅದರ ತಲೆಯ ಮುಂದೆ ಮಂಡಿಯೂರಿ. ಮುಖಗಳನ್ನು ಎಣಿಸಿ. ಆರು ಸಿಗುತ್ತದೆ, ಕೆಲವೆಡೆ ಐದು, ಕೆಲವೆಡೆ ಏಳು. ಎಣಿಸಿದ್ದನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ದಾರ ಹಿಡಿದು ಒಂದೊಂದು ಮುಖದ ಅಗಲ ಅಳೆಯಿರಿ. ಮೂಲೆಗೆ ಕೋನಮಾಪಕ ಇಡಿ: 120 ಡಿಗ್ರಿಯ ಆಚೀಚೆ ಬರುತ್ತದೆ. ಮೊದಲ ಸಲ ಅಳೆದ ಹುಡುಗಿಯೊಬ್ಬಳು, "ಟೀಚರ್, ಇದನ್ನು ಯಾರು ಕಡಿದರು?" ಎಂದು ಕೇಳಿದ್ದಳು. ಯಾರೂ ಕಡಿಯಲಿಲ್ಲ. ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳ ನೆನಪಿಸಿಕೊಳ್ಳಿ. ಕೆಸರು ಒಣಗುತ್ತ ಕುಗ್ಗುತ್ತದೆ, ಕುಗ್ಗುವಾಗ ಬಿರಿಯುತ್ತದೆ, ಬಿರುಕುಗಳು ಕೂಡಿ ಬಹುಭುಜಗಳಾಗುತ್ತವೆ. ಲಾವಾ ಒಣಗಲಿಲ್ಲ, ಆರಿತು, ಆರುತ್ತ ಕುಗ್ಗಿತು. ಒಂದೇ ಸಮನೆ ಕುಗ್ಗುವ ವಸ್ತು ಕಡಿಮೆ ಬಿರುಕಿನಲ್ಲಿ ಹೆಚ್ಚು ಬಿಗಿತ ಕಳೆದುಕೊಳ್ಳುವ ದಾರಿ ಷಟ್ಕೋನ. ಮೇಲ್ಮೈಯಲ್ಲಿ ಹುಟ್ಟಿದ ಬಿರುಕು, ತಂಪು ಒಳಗಿಳಿದಂತೆ ತಾನೂ ಕೆಳಗಿಳಿದು ಕಂಬಗಳನ್ನು ಬಿಡಿಸಿತು.

ಆ ಲಾವಾ ಉಕ್ಕಿದಾಗ ಪಶ್ಚಿಮದಲ್ಲಿ ಈ ಕಡಲು ಇರಲಿಲ್ಲ. ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿತ್ತು. ಎರಡೂ ಬೇರ್ಪಡುವ ಹೊತ್ತಿನ ಬೆಂಕಿ ಇದು, ಇದೇ ಕಾಲದ ಲಾವಾ ಅಲ್ಲಿಯೂ ಇದೆ. ಪಶ್ಚಿಮದ ಅಂಚಿಗೆ ಹೋಗಿ, ಸುರಕ್ಷಿತ ದೂರದಲ್ಲಿ ನಿಂತು, ಆ ದಿಕ್ಕಿಗೊಮ್ಮೆ ನೋಡಿ.

ಸುರಕ್ಷಿತ ದೂರ ಎಂದದ್ದು ಬಾಯಿಮಾತಲ್ಲ. ಅಲ್ಲಿ ನೀರು ಪಾಲಾದ ಮಕ್ಕಳಿದ್ದಾರೆ. ಒದ್ದೆಯಾಗಿ ಕಪ್ಪಗೆ ಕಾಣುವ ಕಲ್ಲೆಲ್ಲ ಪಾಚಿ. ಅದರ ಮೇಲೆ ಕಾಲಿಡಬೇಡಿ. ಕಲ್ಲಿಗೆ ಅಂಟಿದ ಚಿಪ್ಪುಗಳು ಬ್ಲೇಡಿನಂತೆ ಕೊಯ್ಯುತ್ತವೆ, ನನ್ನ ಎಡ ಹಿಮ್ಮಡಿಯಲ್ಲಿ ಕಲೆ ಇನ್ನೂ ಇದೆ. ಕಾವಲುಗಾರರು ಸೀಟಿ ಊದಿದರೆ ವಾದ ಮಾಡದೆ ಹಿಂದೆ ಸರಿಯಿರಿ. ಮಕ್ಕಳು ಕಪ್ಪೆಚಿಪ್ಪು, ಶಂಖ ಆರಿಸಿ ಜೇಬಿಗೆ ಹಾಕಿಕೊಂಡಿದ್ದರೆ ದೋಣಿ ಹತ್ತುವ ಮುನ್ನ ವಾಪಸ್ ಇಡಿಸಿ. ಖಾಲಿ ಶಂಖವೇ ಸನ್ಯಾಸಿ ಏಡಿಯ ಮನೆ.

ಮಧ್ಯಾಹ್ನ ಎರಡು ಗಂಟೆಯೊಳಗೆ ಮಲ್ಪೆಗೆ ಮರಳಿ, ಉಪ್ಪು ತೊಳೆದುಕೊಂಡು, ಉಡುಪಿಯಲ್ಲಿ ಊಟ ಮಾಡಿ ಮಲಗಿಬಿಡಿ. ರೈಲು ರಾತ್ರಿಗೆ. ಉತ್ಥಾನ ದ್ವಾದಶಿಯ ಹೊತ್ತಿಗೆ ಹೋಗಿದ್ದರೆ ಸಂಜೆ ಕೃಷ್ಣ ಮಠದ ಲಕ್ಷದೀಪೋತ್ಸವವೂ ಸಿಗುತ್ತದೆ. ಬೆಳಗಿನಿಂದ ಕಲ್ಲು ಎಣಿಸಿದ್ದ ತಮ್ಮನ ಮೊಮ್ಮಗ ಹೋದ ಸಲ ರಥಬೀದಿಯಲ್ಲಿ ದೀಪ ಎಣಿಸತೊಡಗಿ, ನಾನೂರು ದಾಟುವಷ್ಟರಲ್ಲಿ ನನ್ನ ಹೆಗಲ ಮೇಲೆ ನಿದ್ದೆಹೋದ.