ಎರವಲು ಗರಗಸ, ಹಳೆ ಹಲಗೆ, ಅಂಗಳಕ್ಕೊಂದು ಬೆಂಚು

ಗರಗಸ, ಡ್ರಿಲ್ ಕೇಳಿ ತರುವುದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ತಂದರೆ ಮೊಳೆ ಕೀಳುವುದರಲ್ಲೇ ಅರ್ಧ ದಿನ ಹೋಗುತ್ತದೆ. ಅಷ್ಟರಲ್ಲಿ ಕೊಟ್ಟವರು ವಾಪಸ್ ಕೇಳಲು ಬಾಗಿಲಲ್ಲಿ ನಿಂತಿರುತ್ತಾರೆ.

ಹಳೆ ಬಾಗಿಲು, ಮಂಚದ ಪಟ್ಟಿ, ಸರಕು ಪೇರಿಸಿ ಸಾಗಿಸುವ ಮರದ ಪ್ಯಾಲೆಟ್ ಯಾವುದಾದರೂ ಸರಿ. ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಗಿಳಿದರೆ ಒಳಗೆ ಕೊಳೆತಿದೆ ಅಂತ ಅರ್ಥ. ಪ್ಯಾಲೆಟ್ ಮೇಲೆ ‘ಎಚ್‌ಟಿ’ ಮುದ್ರೆ ಇದ್ದರೆ ಅದು ಬಿಸಿ ಮಾಡಿ ಹುಳು ಕೊಂದ ಮರ. ‘ಎಂಬಿ’ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಹಾಕಿದ್ದು, ಬೇಡ. ತುಂಬಾ ಹಳೆ ಬಣ್ಣದಲ್ಲಿ ಸೀಸ ಇರಬಹುದು. ಅಂಥ ಹಲಗೆ ಉಜ್ಜಿ ಧೂಳೆಬ್ಬಿಸುವುದಕ್ಕಿಂತ ಬಿಟ್ಟುಬಿಡುವುದೇ ವಾಸಿ.

ಇನ್ನು ಮೊಳೆ. ಹಿಂದಿನಿಂದ ಬಡಿದು ತಲೆ ಮೇಲೆದ್ದ ಮೇಲೆ, ಸುತ್ತಿಗೆಯ ಕೆಳಗೊಂದು ಮರದ ಚೂರು ಕೊಟ್ಟು ಮೀಟಿ. ಎಲ್ಲ ಮುಗಿಯಿತು ಅನಿಸಿದಾಗ ಹಲಗೆಯುದ್ದಕ್ಕೂ ಅಯಸ್ಕಾಂತ ಆಡಿಸಿ. ನಾನೊಮ್ಮೆ ಇದನ್ನು ಬಿಟ್ಟೆ. ಬಣ್ಣದಡಿ ತಲೆಯಿಲ್ಲದ ಮೊಳೆಯೊಂದಿತ್ತು. ‘ಕಿರ್’ ಅಂದಿದ್ದೇ ತಡ, ಎರವಲು ಗರಗಸದ ಮೂರು ಹಲ್ಲು ಹೋದವು. ಹೊಸ ಬ್ಲೇಡ್ ಹಾಕಿಸಿಯೇ ವಾಪಸ್ ಕೊಟ್ಟೆ.

ಬೆಂಚಿನ ಎತ್ತರ 45 ಸೆಂ.ಮೀ., ಅಗಲ 40, ಉದ್ದ 120 ಸಾಕು. ಕಾಲು ಕೊಯ್ಯುವಾಗ ಮೇಲಿನ ಹಲಗೆಯ ದಪ್ಪ ಕಳೆಯಿರಿ. ಎಲ್ಲ ಗುರುತೂ ಪೆನ್ಸಿಲ್‌ನಲ್ಲಿ ಹಾಕಿಟ್ಟರೆ ಕೊಯ್ತ ಒಂದೇ ಬೈಠಕ್ಕಿನಲ್ಲಿ ಮುಗಿಯುತ್ತದೆ. ಕಣ್ಣಿಗೆ ರಕ್ಷಣಾ ಕನ್ನಡಕ ಇರಲಿ.

ಚೌಕಟ್ಟು ಜೋಡಿಸಿ, ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆಯಿರಿ. ಎರಡೂ ಕರ್ಣ ಸಮ ಬಂದರೆ ಮೂಲೆ ಸರಿಯಿದೆ. ಮಧ್ಯೆ ಒಂದು ಅಡ್ಡಪಟ್ಟಿ ಕೊಡಿ, ಇಲ್ಲದಿದ್ದರೆ ಕೂತಾಗ ಹಲಗೆ ಬಾಗುತ್ತದೆ. ಸ್ಕ್ರೂಗಿಂತ ಸಣ್ಣ ತೂತು ಮೊದಲೇ ಕೊರೆಯಿರಿ. ಒಣಗಿದ ಹಳೆ ಮರ ತುದಿಯಲ್ಲಿ ಬೇಗ ಸೀಳುತ್ತದೆ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದ್ದೇ ಇರಲಿ. ಹಲಗೆಗಳ ನಡುವೆ 5 ಮಿ.ಮೀ. ಸಂದು ಬಿಟ್ಟರೆ ಮಳೆನೀರು ನಿಲ್ಲುವುದಿಲ್ಲ.

ಉಜ್ಜಿ ನಯ ಮಾಡಿ, ಅಗಸೆ ಎಣ್ಣೆ ಹಚ್ಚಿ. ಕಾಲಿನ ಬುಡಕ್ಕೆ ಜಾಸ್ತಿ ಕುಡಿಸಿ, ಮರ ನೀರು ಹೀರುವುದೇ ಅಲ್ಲಿಂದ. ಎಣ್ಣೆಬಟ್ಟೆಯನ್ನು ಸುಮ್ನೆ ಮುದ್ದೆ ಮಾಡಿ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ, ಹೊರಗೆ ಹರವಿ ಒಣಗಿಸಿ.